ಕೆಳಗಿನಿಂದ ಬರುವವನು

ಬಲೆಯ ಮೇಲೆ ಹರಡಿದ್ದ ಒಮೇನಾ ಮೀನು ಇನ್ನೂ ಅರೆಬರೆ ಒಣಗಿತ್ತು, ಅಷ್ಟರಲ್ಲಿ ಸರೋವರದ ಕಡೆಯಿಂದ ಮೋಡ ಎದ್ದಿತು. ನಾವು ಹೆಂಗಸರು ಓಡಿ, ಬೆರಳುದ್ದದ ಆ ಮೀನುಗಳನ್ನು ಬಲೆಸಮೇತ ಸುತ್ತಿಕೊಂಡು, ಹತ್ತಿರದಲ್ಲೇ ಇದ್ದ ಯೂನಿಯಾ ಅಜ್ಜಿಯ ಅಡುಗೆಮನೆಗೆ ನುಗ್ಗಿದೆವು. ನಮ್ಮ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಕೋಳಿಗಳು. ಮಳೆ ತಗಡಿನ ಮೇಲೆ ಬಿದ್ದ ರಭಸಕ್ಕೆ ಮೊದಮೊದಲು ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಕತ್ತಲಾಗುವ ಹೊತ್ತಿಗೆ ಅಬ್ಬರ ಇಳಿದು ಒಂದೇ ಸಮನೆ ಸುರಿಯತೊಡಗಿತು. ಗುಡ್ಡದ ಮೇಲೆ ಕಲ್ಲು ಅರೆಯುವ ಯಂತ್ರಗಳೆಲ್ಲ ನಿಂತಿವೆ ಎಂಬುದು ಗಮನಕ್ಕೆ ಬಂದದ್ದು ಆಗಲೇ. ಆ ಗಡಗಡ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ, ಅದಿಲ್ಲದಾಗ ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ತಡಕುವಂತೆ ಅದನ್ನೇ ತಡಕುತ್ತಿತ್ತು.

ನಾನು ಬೆನ್ನಿಗೆ ಕಟ್ಟಿಕೊಂಡಿದ್ದ ಮಗುವನ್ನು ಬಿಚ್ಚಿ ಮಡಿಲಲ್ಲಿ ಮಲಗಿಸಿಕೊಂಡೆ. ಅಜ್ಜಿ ಒಲೆಗೆ ಎರಡು ಒಣ ದಂಟು ತಳ್ಳಿದಳು.

"ಪಂಪಿಗೆ ನೀರು ನುಗ್ಗಿರ್ಬೇಕು," ಎಂದಳು ಅಕೇಲೋ. ಹೋದ ವರ್ಷವಷ್ಟೇ ಬೇರೆ ಸೀಮೆಯಿಂದ ಗಂಡ, ಪುಟ್ಟ ಮಗಳ ಜೊತೆ ಇಲ್ಲಿಗೆ ಬಂದವಳು ಅವಳು. ಬಾಯಿ ಸ್ವಲ್ಪ ಜೋರು. "ನಮ್ಮೋನು ಇವತ್ತು ಬೇಗ ಮನೆ ಸೇರ್ತಾನೆ. ಹೆಂಡ್ತಿ ಮುಖ ಮರೆತುಹೋಗಿಲ್ಲ ಅಂದ್ರೆ."

"ಮುಖ ಮರೆತ್ರೂ ಮುದ್ದೆ ಮರೆಯಲ್ಲ ಬಿಡೇ," ಎಂದಳು ಅಜ್ಜಿ.

ನಾವು ನಗುತ್ತಿರುವಾಗ ಅಕೇಲೋಳ ಮಗಳು ಒಂದು ಕಲ್ಲು ತೆಗೆದುಕೊಂಡು ಒಲೆಯ ಅಂಚಿಗೆ ಟಕ್, ಟಕ್, ಟಕ್ ಎಂದು ಕುಟ್ಟತೊಡಗಿದಳು. ಅಜ್ಜಿಯ ಕೈ ಎಷ್ಟು ಬೇಗ ಚಾಚಿತೆಂದರೆ ಮಗು ಅಳಲೂ ಮರೆತುಬಿಟ್ಟಿತು. ಕಲ್ಲನ್ನು ಕಸಿದು ಬೂದಿಯೊಳಗೆ ಹುಗಿದಳು.

"ಅಯ್ಯೋ, ಮಗು ಅಲ್ವಾ ಅಜ್ಜಿ. ಕುಟ್ಟಿದ್ರೆ ಏನಾಯ್ತು?" ಅಕೇಲೋಳಿಗೆ ಮುನಿಸು ಬಂದಿತ್ತು.

"ಯಂತ್ರ ನಿಂತಾಗ ಈ ಊರಲ್ಲಿ ಯಾರೂ ಕುಟ್ಟಲ್ಲ. ಕುಟ್ಟಿದ್ರೆ ಅವನು ತನ್ನನ್ನೇ ಕರೀತಿದ್ದಾರೆ ಅಂದ್ಕೋತಾನೆ."

"ಯಾರು?"

ಅಜ್ಜಿ ಬಾಗಿಲಾಚೆ ಸುರಿಯುವುದನ್ನು ನೋಡಿದಳು, ನಮ್ಮನ್ನು ನೋಡಿದಳು. ಮಕ್ಕಳು ತಾವಾಗಿಯೇ ಹತ್ತಿರ ಸರಿದರು. ಆಮೇಲೆ ಕಾಲುಗಳನ್ನು ಪೀಠದ ಮೇಲಕ್ಕೆಳೆದುಕೊಂಡು ಮಾತು ಶುರು ಮಾಡಿದಳು.

*

ನಾನು ಸೊಸೆಯಾಗಿ ಬಂದಾಗ ಇಲ್ಲಿ ಚಿನ್ನ ಅಂದ್ರೆ ಹೆಂಗಸರ ಕೈಗೆಲಸ ಕಣ್ರೇ. ಮಳೆ ನಿಂತ ಮಾರನೇ ದಿನ ಹೊಳೆ ದಂಡೇಲಿ ಕೂತು, ಸೋರೆಬುರುಡೆ ಹೋಳಲ್ಲಿ ಮರಳು ತಿರುಗಿಸಿ ತಿರುಗಿಸಿ, ತಳದಲ್ಲಿ ಸಾಸಿವೆಯಷ್ಟು ಏನಾದ್ರೂ ಹೊಳೆದ್ರೆ ಬಟ್ಟೆ ತುದೀಲಿ ಗಂಟು ಹಾಕ್ಕೊಂಡು, ಉಪ್ಪಿಗಾಯ್ತು ಸೋಪಿಗಾಯ್ತು ಅಂತ ಎದ್ದು ಬರ್ತಿದ್ವಿ. ಯಾರೂ ನೆಲ ಅಗೀತಿರಲಿಲ್ಲ. ನೆಲ ಇದ್ದದ್ದು ಬಿತ್ತೋದಕ್ಕೆ, ಸತ್ತೋರನ್ನ ಮಲಗಿಸೋದಕ್ಕೆ. ಆಮೇಲೆ ಎಲ್ಲೋ ದೂರದ ದೇಶದಲ್ಲಿ ಚಿನ್ನದ ರೇಟು ಏರಿತಂತೆ... ಅಲ್ಲಿ ಏರಿದ್ರೆ ಇಲ್ಲಿ ನಮ್ಮ ಹೊಲ ಯಾಕೆ ಕುಸೀಬೇಕು, ಹೇಳಿ? ಆದ್ರೆ ಕುಸೀತು. ಗಂಡಸರು ಬಂದ್ರು, ಪಂಪು ಬಂತು, ಕಲ್ಲು ಅರೆಯೋ ಯಂತ್ರ ಬಂತು, ಕಲ್ಲುಪುಡಿಯಿಂದ ಚಿನ್ನ ಹಿಡಿಯೋ ಪಾದರಸ ಮಾರೋನು ಬಂದ. ನಿನ್ನೆ ಜೋಳ ಇದ್ದಲ್ಲಿ ಇವತ್ತು ಚಿನ್ನಕ್ಕೆ ತೋಡಿದ ಬಾವಿ. ಒಂದು ವರ್ಷ ಕಳೆಯೋದ್ರೊಳಗೆ ಗುಡ್ಡ ಹೆಗ್ಗಣ ಹೊಕ್ಕ ಹೊಲದ ಹಾಗಾಯ್ತು.

ಆ ಗುಡ್ಡದ ಬುಡದಲ್ಲಿ ಡೋರ್ಕಾ ಅಂತ ಒಬ್ಬಳು ವಿಧವೆ ಇದ್ದಳು. ನನ್ನ ಪಕ್ಕದ ಮನೆ. ಒಬ್ಬನೇ ಮಗ, ಒಗೋಲಾ. ಮದುವೆ ಇನ್ನೂ ಆಗಿರಲಿಲ್ಲ. ನಮ್ಮ ಪದ್ಧತಿಯಂತೆ ಬೇಲಿ ಬಾಗಿಲ ಹತ್ತಿರ ಅವನಿಗೊಂದು ಗುಡಿಸಲು ಇತ್ತು. ಎಂಥ ಹುಡುಗ ಅಂದ್ರೆ, ಕೆಲಸ ಮುಗಿಸಿ ಬರುವಾಗ ಮೈ ಪೂರಾ ಕಲ್ಲಿನ ಧೂಳು, ಬಿಳೀ ಕೊಕ್ಕರೆ ಹಾಗೆ... ಡೋರ್ಕಾ ಅಂಗಳದಲ್ಲೇ ನಿಂತು, "ಯಾರಪ್ಪಾ ನೀನು, ಯಾವೂರ ನೆಂಟ, ನನ್ನ ಮಗ ಬರೋ ಹೊತ್ತಾಯ್ತು, ಜಾಗ ಬಿಡು," ಅನ್ನೋಳು. ಅವನು, "ನಿಮ್ಮ ಮಗನ ಪಾಲಿನ ಮುದ್ದೆ ತಿಂದು ಹೋಗೋಣ ಅಂತ ಬಂದೆ ತಾಯಿ," ಅನ್ನೋನು. ದಿನಾ ಇದೇ ಆಟ. ಬೇಲಿ ಈಚೆ ನಾನು ದಿನಾ ಕೇಳಿ ದಿನಾ ನಗ್ತಿದ್ದೆ.

ಅವನು ಇಳೀತಿದ್ದ ಬಾವಿ ಅವನ ಚಿಕ್ಕಪ್ಪ ರಾಂಡಿಗಂದು. ಡೋರ್ಕಾಳ ಗಂಡನ ಸ್ವಂತ ತಮ್ಮ. ಕೆಟ್ಟವನಲ್ಲ... ಕೆಟ್ಟವನೇ ಆಗಿದ್ರೆ ಕತೆ ಹೇಳೋದು ಎಷ್ಟು ಸಲೀಸಾಗಿತ್ತು ಅಲ್ವಾ? ಅತ್ತಿಗೇ ಅತ್ತಿಗೇ ಅಂತ ಬಾಯ್ತುಂಬ ಕರೆಯೋನು, ಹಬ್ಬಕ್ಕೆ ಕೋಳಿ ಕಳ್ಸೋನು. ಪಕ್ಕದೋರ ಬಾವಿ ನನ್ನದಕ್ಕಿಂತ ಆಳ ಹೋಯ್ತಲ್ಲಾ ಅನ್ನೋ ಉರಿ ಒಂದು ಬಿಟ್ರೆ ಅವನಲ್ಲಿ ದೋಷ ಹುಡುಕೋದು ಕಷ್ಟ.

ಇಂಥದೇ ಒಂದು ಮಳೆಗಾಲ. ನೆಲ ನೆನೆದಿತ್ತು. ಇಳೀಬಾರದಿತ್ತು, ಇಳಿದ್ರು. ಬಾವಿ ಒಳಗಿನ ಮರದ ಕಂಬಗಳು ಸರಿದು ಮಣ್ಣು ಕುಸೀತು. ಮಿಕ್ಕವರೆಲ್ಲ ಹೇಗೋ ಕೆಮ್ಮುತ್ತಾ ತೆವಳುತ್ತಾ ಮೇಲೆ ಬಂದ್ರು. ಒಗೋಲಾ ಬರಲಿಲ್ಲ.

ನಿಮಗೆಲ್ಲ ಗೊತ್ತಿರೋದೇ. ಬಾವೀಲಿ ಸತ್ತೋನಿಗೆ ಮಣ್ಣಾಗೋ ತನಕ ಆ ಗುಡ್ಡದ ನೆಲ ಸುಡ್ತಿರುತ್ತೆ, ಯಾರೂ ಯಾವ ಬಾವಿಗೂ ಇಳಿಯೋ ಹಾಗಿಲ್ಲ. ಯಂತ್ರಗಳೆಲ್ಲ ನಿಂತವು. ಇಡೀ ಗುಡ್ಡ ಕಿವುಡಾದ ಹಾಗಾಯ್ತು... ಆ ಮೌನದಲ್ಲೇ ಡೋರ್ಕಾಗೆ ಕೇಳಿಸಿದ್ದು.

ಅವಳು ಕುಸಿದ ಬಾವಿ ಪಕ್ಕ ಮಲಗಿ, ಕೆನ್ನೆಯನ್ನ ನೆಲಕ್ಕೆ ಒತ್ತಿದ್ದಳು. ಎದ್ದು ನನ್ನ ಕೈ ಹಿಡಿದು ಎಳೆದು, "ಬಾರೇ ಯೂನಿಯಾ, ನೀನೂ ಕೇಳು, ನಾನು ತಾಯಿ, ನನ್ನ ಕಿವಿ ಸುಳ್ಳು ಹೇಳೀತು," ಅಂದಳು. ನಾನೂ ಕಿವಿಯಿಟ್ಟೆ. ಟಕ್... ಟಕ್... ಟಕ್. ಸುತ್ತಿಗೆ ಕಲ್ಲಿಗೆ ಬೀಳೋ ಸದ್ದು. ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಉಸಿರು ತಗೊಳ್ಳೋ ಹಾಗೆ.

ಗಂಡಸರು ಇಳಿಯದೆ ಮೇಲಿಂದಲೇ ಅಗೆದ್ರು, ಇಲ್ಲ ಅನ್ನಲ್ಲ. ಅಗೆದಷ್ಟೂ ನೀರು ಬಂತು. ನೇಮ ಮೀರಿ ಇಳಿದಿದ್ರೆ ಪಕ್ಕದ ಬಾವಿಯಿಂದ ಅಡ್ಡಕ್ಕೆ ದಾರಿ ಕೊರೀಬಹುದಿತ್ತು. ಆ ಬಾವಿಯೋನು ನನ್ನ ಕಂಬ ಅಲ್ಲಾಡುತ್ತೆ ಅಂದ. ದಿನ ಕಳೀತಾ ಕಳೀತಾ ಮನೆಮನೇಲಿ ಹಿಟ್ಟಿನ ಡಬ್ಬಿ ತಳ ಕಂಡಿತು. ಹೊಲ ಎಲ್ಲಿತ್ತು ನಮಗೆ, ಬಾವಿ ಮುಚ್ಚಿದ್ರೆ ಹೊಲಕ್ಕೆ ಹೋಗೋಣ ಅನ್ನೋದಕ್ಕೆ? ಕೆಳಗಿನ ಸದ್ದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಗಂಡಸರೇ ಒಬ್ಬರ ಮುಖ ಒಬ್ಬರು ನೋಡದೆ, ಅದು ನೀರು ತೊಟ್ಟಿಕ್ಕೋ ಸದ್ದು, ಅದು ಕಲ್ಲು ಬಿರಿಯೋ ಸದ್ದು, ಅಂತ ಮಾತಾಡೋಕೆ ಶುರು ಮಾಡಿದ್ರು.

ಒಂದು ಬೆಳಿಗ್ಗೆ ರಾಂಡಿಗ ಹಿರಿಯರನ್ನ ಕರ್ಕೊಂಡು ಡೋರ್ಕಾಳ ಬೇಲಿ ಬಾಗಿಲಿಗೆ ಬಂದ. ಕೈಲಿ ಒಂದು ಯಾಗೋ ಕಾಯಿ.

*

ಅಕೇಲೋ ನಡುವೆ ಬಾಯಿ ಹಾಕಿದಳು. "ಆ ಉದ್ದ ಕಾಯಿನಾ? ಮರದಿಂದ ಹಗ್ಗ ಕಟ್ಟಿ ತೂಗುಬಿಟ್ಟ ಹಾಗೆ ಇರುತ್ತಲ್ಲ, ಅದಾ? ನಮ್ಮ ಕಡೆ ದನ ಕೂಡ ಮೂಸಲ್ಲ ಅದನ್ನ."

"ನಿಮ್ಮ ಕಡೆ ದನ ಪುಣ್ಯವಂತ ದನ. ಸುಮ್ನೆ ಕೇಳು," ಎಂದಳು ಅಜ್ಜಿ.

*

ಹೆಣ ಸಿಗದೇ ಇದ್ದಾಗ ನಾವು ಯಾಗೋ ಇಡ್ತೀವಿ ಮಗಾ. ಸರೋವರದಲ್ಲಿ ಮುಳುಗಿದೋರಿಗೆ, ಯುದ್ಧಕ್ಕೆ ಹೋಗಿ ಬರದೇ ಇದ್ದೋರಿಗೆ. ತೋಳುದ್ದದ ಆ ಕಾಯಿನ ಅವನು ಹೊದ್ದ ಬಟ್ಟೇಲೇ ಸುತ್ತಿ, ಅವನ ಹೆಸರೇ ಹೇಳಿ, ಅವನ ಗುಡಿಸಲ ಪಕ್ಕದಲ್ಲೇ ಮಣ್ಣು ಮಾಡ್ತಾರೆ. ತಾಯಿ ಬದುಕಿದ್ರೆ ತಾಯೇ ಹೇಳ್ಬೇಕು, "ಮನೆಗೆ ಬಂದೆ, ಇನ್ನು ಮಲಕ್ಕೋ," ಅಂತ. ಅಲ್ಲಿಗೆ ಅವನು ಸತ್ತ. ಆಮೇಲೆ ಅವನು ಬದುಕಿ ಬಂದ್ರೂ ಸತ್ತವನೇ. ಬೇಲಿ ಬಾಗಿಲು ದಾಟೋ ಹಾಗಿಲ್ಲ, ಮನೆ ನೀರು ಕುಡಿಯೋ ಹಾಗಿಲ್ಲ. ಹಿರಿಯ ಬಂದು, ಕುರಿ ಕೊಯ್ದು, ಹೂತ ಕಾಯಿನ ಮತ್ತೆ ಮೇಲೆ ತೆಗೆದು ಶುದ್ಧಿ ಮಾಡಿದ ಮೇಲೇ ಅವನು ಮತ್ತೆ ಮನುಷ್ಯ.

ಡೋರ್ಕಾ ಬೇಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಕುಟ್ತಾ ಇದ್ದಾನೆ. ಕುಟ್ತಾ ಇರೋನನ್ನ ಹೂಳ್ತೀಯಾ?"

"ಅತ್ತಿಗೇ, ಊರು ಉಪವಾಸ ಇದೆ," ಅಂದ ರಾಂಡಿಗ.

"ನನ್ನ ಮಗಾನೂ ಉಪವಾಸ ಇದ್ದಾನೆ. ಅವನು ನಿಮಗಿಂತ ಮೊದಲಿಂದ ಇದ್ದಾನೆ."

ಆಗ ರಾಂಡಿಗ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಚಿಕ್ಕ ಮಗೂಗೆ ಹೇಳೋ ಹಾಗೆ ಮೆತ್ತಗೆ ಹೇಳಿದ... ಆ ಮಾತು ಕೇಳಿ ಆಗ ನಮಗೆಲ್ಲ ಎಷ್ಟು ಸರಿ ಅನ್ನಿಸ್ತು ಗೊತ್ತಾ? "ನೋಡತ್ತಿಗೇ. ಅವನು ಸತ್ತಿದ್ರೆ ಅವನಿಗೆ ಶಾಂತಿ. ಬದುಕಿದ್ರೆ, ಕಾಯಿ ಅಂದ್ರೆ ಬರೀ ಕಾಯಿ, ಮಣ್ಣಲ್ಲಿ ಕೊಳೀತದೆ. ಒಂದು ಸಲ ಮಣ್ಣಾಯ್ತು ಅಂದ್ರೆ ನೆಲ ತಣ್ಣಗಾಗುತ್ತೆ, ಗಂಡಸರು ಧೈರ್ಯವಾಗಿ ಇಳೀತಾರೆ, ಪಂಪು ಓಡುತ್ತೆ. ಇಳಿದ್ರೆ ತಾನೇ ಅವನನ್ನ ತೆಗೆಯೋದು? ಹೂಳದೆ ಇದ್ರೆ ಯಾರು ಇಳೀತಾರೆ ಹೇಳು? ನೀನು ಹೂಳ್ತಿರೋದು ಮಗನನ್ನಲ್ಲ, ದಾರಿ ಬಿಡಿಸ್ತಿದ್ದೀಯ."

ಡೋರ್ಕಾ ಬೇಲಿ ಬಾಗಿಲು ಬಿಟ್ಟು ಸರಿದಳು. ಆಮೇಲೆ ಒಳಗೆ ಹೋಗಿ ಮಗನ ಕಂಬಳಿ ತಂದಳು.

ಗುಡಿಸಲ ಪಕ್ಕ ಗುಂಡಿ ತೋಡಿದ್ರು. ಮನೆಗೆ ಬಂದೆ, ಇನ್ನು ಮಲಕ್ಕೋ ಅನ್ನೋವಾಗ ಅವಳ ದನಿ ಒಂಚೂರೂ ನಡುಗಲಿಲ್ಲ, ದಾರಿ ಬಿಡಿಸ್ತಿದ್ದೀನಿ ಅಂತ ನಂಬಿದ್ದಳಲ್ಲ. ಮಧ್ಯಾಹ್ನಕ್ಕೆಲ್ಲ ಗುಡ್ಡದಲ್ಲಿ ಯಂತ್ರಗಳು ಶುರುವಾದವು. ಎಲ್ಲ ಬಾವಿಗೂ ಜನ ಇಳಿದ್ರು. ಆ ಒಂದು ಬಾವಿ ಬಿಟ್ಟು... ನಾಳೆ, ಅಂದ ರಾಂಡಿಗ. ಮೊದಲು ಊರು ಒಂದು ತುತ್ತು ಉಣ್ಣಲಿ, ನಾಳೆ. ಆ ಗಡಗಡದಲ್ಲಿ ಡೋರ್ಕಾ ನೆಲಕ್ಕೆ ಕಿವಿಯಿಟ್ಟು ಕಿವಿಯಿಟ್ಟು ಕೆನ್ನೆ ಗಾಯ ಮಾಡಿಕೊಂಡಳು. ಏನು ಕೇಳಿಸುತ್ತೆ? ಅವನು ಕುಟ್ಟಿದ್ನೋ, ಕುಟ್ಟೋದು ಬಿಟ್ನೋ, ಯಾರಿಗೆ ಗೊತ್ತಾಗುತ್ತೆ?

ಈಗ ಹೇಳೋದನ್ನ ನಾನು ಕಣ್ಣಾರೆ ಕಂಡೆ. ಕಾಯಿ ಹೂತು ಒಂದೆರಡು ದಿನಕ್ಕೆ, ಹಾಡುಹಗಲು. ಊಟದ ಹೊತ್ತಿಗೆ ಯಂತ್ರ ನಿಲ್ಲಿಸಿದ್ರು, ನಾವು ಹೆಂಗಸರು ಕಲ್ಲಿನ ರಾಶಿ ಪಕ್ಕ ಗಂಜಿ ಕುಡೀತಿದ್ವಿ. ಮೇಲೆ, ಯಾರೂ ಇಳಿಯದ ಹಳೇ ಬಾವಿ ಒಂದಿತ್ತು; ಆ ಕಡೆಯಿಂದ ಒಬ್ಬ ನಡೆದು ಬಂದ. ಅಡಿಯಿಂದ ಮುಡಿವರೆಗೆ ಬಿಳೀ ಧೂಳು. ಕಣ್ಣು ಎರಡೇ ಕಪ್ಪು. ಕೈಲಿ ಸುತ್ತಿಗೆ. ನಮ್ಮ ಮಧ್ಯದಲ್ಲೇ ಹಾದುಹೋದ, ಯಾರನ್ನೂ ನೋಡಲಿಲ್ಲ. ನನ್ನ ಪಕ್ಕ ಕೂತವಳ ಗಂಜಿ ಬಟ್ಟಲು ಜಾರಿ ಬಿತ್ತು. ಬಿದ್ದ ಸದ್ದಿಗೂ ಅವನು ತಿರುಗಲಿಲ್ಲ.

ನೇರ ಮನೆಗೆ ಹೋದ. ನಾವೂ ಹಿಂದೆ ಹಿಂದೆ, ದೂರದಲ್ಲಿ. ಬೇಲಿ ಬಾಗಿಲ ಹತ್ತಿರ ನಿಂತ. ಡೋರ್ಕಾ ಅಂಗಳದಲ್ಲಿದ್ದಳು. ಅವನನ್ನ ಕಂಡಳು. ಅವಳ ಬಾಯಿಂದ ಮೊದಲು ಬಂದ ಮಾತು ಏನು ಅಂದ್ಕೊಂಡ್ರಿ? "ಯಾರಪ್ಪಾ ನೀನು..." ಅಂದಳು. ಅಭ್ಯಾಸಕ್ಕೆ ಬಂದ ಮಾತು, ನಗುನಗುತ್ತಾ ಬಂದ ಮಾತು. ಅರ್ಧಕ್ಕೇ ನಿಂತುಹೋಯ್ತು.

ಅವನು ಆಟಕ್ಕೆ ಬರಲಿಲ್ಲ. "ಅಮ್ಮಾ, ನೀರು," ಅಂದ.

ಅಷ್ಟರಲ್ಲಿ ರಾಂಡಿಗ, ಹಿರಿಯರು, ಎಲ್ಲ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ್ರು. ಡೋರ್ಕಾಳನ್ನ ಇಬ್ಬರು ಹಿಡ್ಕೊಂಡ್ರು. ಒಗೋಲಾ ಒಳಗೆ ಕಣ್ಣು ಹಾಯಿಸಿದ, ತನ್ನ ಗುಡಿಸಲ ಪಕ್ಕ ಹಸಿ ಮಣ್ಣಿನ ದಿಬ್ಬ ಕಂಡ. "ಅದು ಯಾರದ್ದು?" ಅಂದ.

ಯಾರು ಹೇಳ್ತಾರೆ?

ಅವನಿಗೇ ಅರ್ಥ ಆಯ್ತು. ಅವನೂ ನಮ್ಮೋನೇ ಅಲ್ವಾ, ನಮ್ಮ ನೆಲದಲ್ಲೇ ಬೆಳೆದೋನು. ಜಗಳ ಆಡಲಿಲ್ಲ, ಬಾಗಿಲು ತಳ್ಳಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಬೇಲಿ ಆಚೆ ಕೂತ. "ಶುದ್ಧಿ ಮಾಡೋ ಹಿರಿಯನನ್ನ ಕರೀರಿ ಚಿಕ್ಕಪ್ಪಾ, ಕಾಯಿ ತೆಗೆಸಿಬಿಡಿ," ಅಂದ.

ತೆಗೆಸಬಹುದಿತ್ತು. ಶುದ್ಧಿ ಮಾಡೋ ಹಿರಿಯ ಇದ್ದದ್ದು ಅರ್ಧ ದಿನದ ದಾರೀಲಿ. ಆದ್ರೆ ಕಾಯಿ ಮೇಲೆ ತೆಗೆದ್ರೆ ನೆಲ ಮತ್ತೆ ಸುಡುತ್ತೆ. ಶುದ್ಧಿ ಮುಗಿಯೋ ತನಕ ಮತ್ತೆ ಎಲ್ಲ ಬಾವಿ ಮುಚ್ಚಬೇಕು. ಪಕ್ಕದೋನ ಬಾವೀಲಿ ಆವತ್ತು ಬೆಳಿಗ್ಗೆ ತಾನೇ ಒಳ್ಳೇ ಚಿನ್ನದ ಕಲ್ಲು ಸಿಕ್ಕಿತ್ತು... ರಾಂಡಿಗ ಗುಡ್ಡದ ಕಡೆ ನೋಡಿದ, ಹುಡುಗನ ಕಡೆ ನೋಡಿದ. "ಈ ವಾರದ ಕಲ್ಲು ಅರೆದು ಮುಗೀಲಿ ಮಗಾ," ಅಂದ. "ಮುಗಿದ ತಕ್ಷಣ ಕರೆಸ್ತೀನಿ. ಇಷ್ಟು ದಿನ ತಡ್ಕೊಂಡಿದ್ದೀಯ. ಆಚೆ ಮರದ ಕೆಳಗೆ ಇರು."

ನಾವು ಊರೋರು ಅಷ್ಟೂ ಜನ ಅಲ್ಲಿದ್ವಿ. ಯಾರೂ ಏನೂ ಅನ್ನಲಿಲ್ಲ. ಊಟದ ಹೊತ್ತು ಮುಗೀತು, ಮೇಲೆ ಯಂತ್ರ ಶುರುವಾಯ್ತು, ಜನ ಒಬ್ಬೊಬ್ಬರೇ ಕರಗಿದ್ರು.

ಡೋರ್ಕಾ ಒಂದು ಸೋರೆಬುರುಡೆಗೆ ನೀರು ತುಂಬಿ, ಬಾಯಿಗೆ ಬಿರಡೆ ಹಾಕಿ, ಬೇಲಿ ಮೇಲಿಂದ ಆಚೆ ಎಸೆದಳು. ಅವನು ಬಿರಡೆ ಬಿಚ್ಚಿ ಬಾಯಿಗಿಟ್ಟದ್ದನ್ನ, ಗಂಟಲು ಏರಿ ಇಳಿದದ್ದನ್ನ ನಾನು ನೋಡಿದೆ. ಹೊತ್ತು ಇಳಿಯೋ ತನಕ ಇಬ್ಬರೂ ಬೇಲಿ ಆಚೆ ಈಚೆ ಕೂತಿದ್ರು. ಆಮೇಲೆ ಅವನು ಎದ್ದು ಬಟ್ಟೆ ಕೊಡವಿದ. ಕೊಡವಿದಷ್ಟೂ ಧೂಳು ಬಂತು, ಮುಗೀಲೇ ಇಲ್ಲ. "ಬಾಗಿಲಿಂದ ಬರೋ ಹಾಗಿಲ್ಲ ಅಲ್ವಾ," ಅಂದ. "ಹಾಗಾದ್ರೆ ನಾನು ಕೆಳಗಿನಿಂದ ಬರ್ತೀನಮ್ಮಾ."

ಬಂದ ದಾರೀಲೇ ಹಳೇ ಬಾವಿಗೆ ಇಳಿದುಹೋದ. ಬೇಲಿ ಆಚೆ ಬುರುಡೆ ಬಿದ್ದಿತ್ತು. ನಾನೇ ಎತ್ತಿಕೊಂಡೆ. ಎತ್ತಿದ್ರೆ ಭಾರ... ತುಂಬಿದ ನೀರು ತುಂಬಿದ ಹಾಗೇ ಇತ್ತು ಕಣ್ರೇ. ತಳದಲ್ಲಿ ಮಾತ್ರ ಬಿಳೀ ಧೂಳು ಕೂತಿತ್ತು.

ಡೋರ್ಕಾ ಆ ರಾತ್ರಿಯೇ ನಡೆದುಹೋಗಿ ಮಾರನೇ ದಿನ ಹಿರಿಯನನ್ನ ಕರ್ಕೊಂಡು ಬಂದಳು. ಅವನು ಕುರಿ ಹಿಡ್ಕೊಂಡೇ ಬಂದ. ಯಾರನ್ನೂ ಕೇಳದೆ ಇಬ್ಬರೇ ದಿಬ್ಬ ಅಗೆದ್ರು. ಕಂಬಳಿ ಸಿಕ್ತು. ಬಿಚ್ಚಿದ್ರೆ ಕಾಯಿ ಇಲ್ಲ. ಗುಂಡಿಯ ತಳದಲ್ಲಿ ಒಂದು ಸಣ್ಣ ತೂತು, ಅದರೊಳಗಿಂದ ತಣ್ಣಗೆ ಗಾಳಿ ಬರ್ತಿತ್ತು. ಹಿರಿಯ ಆ ತೂತಿನ ಮೇಲೆ ಅಂಗೈ ಹಿಡಿದ. ಆಮೇಲೆ ಕಾಯಿನೇ ಇಲ್ಲದೆ ಎಂಥ ಶುದ್ಧಿ ಅಂದು, ಕುರಿಯ ಹಗ್ಗ ಹಿಡ್ಕೊಂಡು ಬಂದ ದಾರೀಲೇ ಹೊರಟುಹೋದ.

ಅವತ್ತಿಂದ ಸದ್ದು ಮತ್ತೆ ಶುರುವಾಯ್ತು. ಒಂದೇ ಕಡೆ ಅಲ್ಲ, ನಡೆದಾಡೋ ಸದ್ದು. ಕತ್ತಲಲ್ಲಿ ದಾರಿ ತಪ್ಪಿದೋನ ಹಾಗೆ ಒಂದು ವಾರ ಹೊಳೆ ಕಡೆ, ಒಂದು ವಾರ ಸಂತೆ ಮೈದಾನದ ಕೆಳಗೆ. ಮೊದಮೊದಲು ಜನ ಹೆದರಿ ಓಡಿದ್ರು. ಆಮೇಲೆ ಹೊಳೆ ಕಡೆಯೋನೊಬ್ಬ ಸದ್ದು ಕೇಳಿದಲ್ಲೇ ಅಗೆದ. ಆಳದಲ್ಲಿ ಒಂದು ಇಕ್ಕಟ್ಟು ಸುರಂಗ ಸಿಕ್ತು, ಯಾರೂ ತೋಡದ ಸುರಂಗ, ಒಬ್ಬ ತೆವಳುವಷ್ಟು. ಅದರ ಎರಡೂ ಗೋಡೇಲಿ ಚಿನ್ನ, ಬರಿಗಣ್ಣಿಗೆ ಕಾಣೋ ಚಿನ್ನ. ಅಷ್ಟೇ ನೋಡಿ... ಹೆದರಿಕೆ ಎಲ್ಲಿ ಹೋಯ್ತೋ. ಕುಟ್ಟೋ ಸದ್ದು ಬಂದ ಕಡೆ ಚಿನ್ನ ಅಂತ ಊರೂರೇ ಕಿವಿಯಿಟ್ಟು ಮಲಗಿತು. ಅವನು ಮನೆ ಹುಡುಕ್ತಾ ಕೊರೀತಾನೆ, ಇವರು ಅವನ ಬೆನ್ನು ಹತ್ತಿ ಬಾವಿ ಇಳಿಸ್ತಾರೆ, ಅವನ ದಾರಿ ಒಡೆಯುತ್ತೆ, ನೀರು ನುಗ್ಗುತ್ತೆ, ಅವನು ತಿರುಗಿ ಬೇರೆ ಕಡೆ ಹೊರಡ್ತಾನೆ. ಈ ಊರು ಇಷ್ಟು ದೊಡ್ಡದಾಯ್ತಲ್ಲ, ಲಾರಿ, ಬ್ಯಾಂಕು, ಮಾಳಿಗೆ ಮನೆ... ಯಾರು ತೋರಿಸಿದ ದಾರಿ ಅಂದ್ಕೊಂಡ್ರಿ?

ಡೋರ್ಕಾಗೆ ಇದು ಅರ್ಥವಾದಾಗ ಅವಳ ಕೂದಲು ಬೆಳ್ಳಗಾಗಿತ್ತು. ಅವಳು ರಾಂಡಿಗನ ಹತ್ತಿರ ಹೋಗಿ ಕಾಲು ಹಿಡಿದಳು, ಮಾಡಬಾರದ್ದನ್ನ ಮಾಡಿದಳು, ಮೈದುನನ ಕಾಲು. "ಒಂದೇ ಒಂದು ಸಲ ಅವನ ದಾರಿಗೆ ಅಡ್ಡ ಹೋಗಬೇಡಿ. ಮನೆ ಮುಟ್ಟಲಿ. ಆಮೇಲೆ ಗುಡ್ಡ ಪೂರಾ ನಿಮ್ಮದೇ." ಆಗಲಿ ಅತ್ತಿಗೇ, ಅಂದ.

ಅವಳು ಮನೆಗೆ ಬಂದು ತನ್ನ ಗುಡಿಸಲ ನೆಲವನ್ನ ಗುದ್ದಲೀಲಿ ಅಗೆಯೋಕೆ ಕೂತಳು. ಮಗ ಕೆಳಗಿಂದ ಬರ್ತಾನೆ, ನಾನು ಮೇಲಿಂದ ಹೋಗ್ತೀನಿ, ಅರ್ಧ ದಾರೀಲಿ ಸಿಕ್ತೀವಿ ಅಂತ. ದಿನಾ ಮಧ್ಯಾಹ್ನ ಯಂತ್ರ ನಿಂತಾಗ ಆ ಗುಂಡಿಯೊಳಗೆ ಬಗ್ಗಿ, "ಇಲ್ಲಿ ಮಗಾ, ಈ ಕಡೆ," ಅನ್ನೋಳು. ನಾನು ಮಣ್ಣು ಹೊತ್ತು ಹೊರಗೆ ಹಾಕ್ತಿದ್ದೆ. ದೇವರಾಣೆ, ಸದ್ದು ತಿರುಗಿತು. ಹತ್ತಿರ ಹತ್ತಿರ ಬಂತು. ಒಂದು ದಿನ ಅವಳು ಗುದ್ದಲಿ ಊರಿದ್ರೆ ಕೆಳಗಿಂದ ಅದಕ್ಕೆ ಉತ್ತರ ಬರೋಷ್ಟು ಹತ್ತಿರ. ಅವಳು ನನ್ನ ಮುಖ ನೋಡಿದಳು. ಆ ನಗುನ ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. "ಹೋಗಿ ಸ್ವಲ್ಪ ಮುದ್ದೆ ತಿರುವಿ ತಾರೇ," ಅಂದಳು, "ಹಸಿದು ಬರ್ತಾನೆ."

ನಾನು ನೀರು ಒಲೆ ಮೇಲಿಟ್ಟಿದ್ದೆ ಅಷ್ಟೇ. ಬೇಲಿ ಆಚೆಯಿಂದ ರಾಂಡಿಗನ ಜನ ಅಡ್ಡಕ್ಕೆ ಕೊರೀತಾ ಬಂದಿದ್ರಂತೆ. ಸದ್ದು ಎರಡೂ ಕಡೆಯಿಂದ ಬರ್ತಿದೆ, ಇಲ್ಲಿ ಇಮ್ಮಡಿ ಚಿನ್ನ ಅಂತ. ನೆಲ ಒಂದು ಸಲ ನಿಟ್ಟುಸಿರು ಬಿಟ್ಟ ಹಾಗಾಯ್ತು... ಗುಡಿಸಲು, ಅಂಗಳ, ಡೋರ್ಕಾ, ಎಲ್ಲ ಒಳಗೆ ಹೋಯ್ತು.

*

ಅಜ್ಜಿಯ ಒಲೆಯಲ್ಲಿ ದಂಟು ಉರಿದು ಬೂದಿಯಾಗಿತ್ತು. ನನ್ನ ಮಡಿಲಲ್ಲಿ ಮಗು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಅದರ ತಲೆಯ ಮೇಲೆ ನಾನು ಕೈಯಿಟ್ಟುಕೊಂಡೆ. ಅಕೇಲೋ ಕೇಳಿದಳು. ಅವಳ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಅವರಿಬ್ಬರೂ ಕೊನೆಗೆ ಸಿಕ್ಕರಾ ಅಜ್ಜಿ? ಕೆಳಗಾದರೂ?"

"ಸಿಕ್ಕಿದ್ರೆ ಕುಟ್ಟೋದು ನಿಲ್ಲಬೇಕಿತ್ತಲ್ಲ ಮಗಾ," ಎಂದಳು ಅಜ್ಜಿ. "ನಿಲ್ಲಲಿಲ್ಲ. ಎರಡಾಯ್ತು. ಒಂದು ಸುತ್ತಿಗೇದು, ಕಲ್ಲಿನ ಮೇಲೆ. ಇನ್ನೊಂದು ಗುದ್ದಲೀದು, ಮೆತ್ತಗೆ, ಮಣ್ಣಲ್ಲಿ. ಹತ್ತಿರ ಬರ್ತಾರೆ. ಇನ್ನೇನು ಒಂದು ಮಾರು ಅನ್ನೋವಾಗ ಯಾರೋ ಒಬ್ಬ ಮಧ್ಯಕ್ಕೆ ಬಾವಿ ಇಳಿಸ್ತಾನೆ. ಅವರು ಸೇರೋ ತನಕ ಈ ಊರಲ್ಲಿ ಚಿನ್ನ ಮುಗಿಯಲ್ಲ. ಚಿನ್ನ ಮುಗಿಯೋ ತನಕ ಅವರನ್ನ ಸೇರೋದಕ್ಕೆ ಬಿಡಲ್ಲ."

ಅವಳು ಪೀಠದ ಮೇಲೆ ಇನ್ನಷ್ಟು ಮುದುಡಿ ಕೂತಳು.

"ನಿನ್ನೆ ರಾಂಡಿಗನ ಕಿರಿಮಗ ಬಂದಿದ್ದ. ಒಳ್ಳೇ ಹುಡುಗ, ಸಕ್ಕರೆ ತಂದುಕೊಟ್ಟ. ಅಜ್ಜಿ, ಒಂದು ನಿಮಿಷ ಅಂದು, ಈಗ ನೀವೆಲ್ಲ ಕೂತಿದ್ದೀರಲ್ಲ, ಇದೇ ನೆಲದ ಮೇಲೆ ಮಲಗಿ ಕಿವಿಯಿಟ್ಟ. ಮೊದಲು ಈ ಮೂಲೇಲಿ. ಆಮೇಲೆ ಆ ಮೂಲೇಲಿ. ತುಂಬ ಹೊತ್ತು ಕೇಳಿದ... ಎದ್ದು ಕೆನ್ನೆಯ ಮಣ್ಣು ಒರೆಸಿಕೊಂಡು, ಈ ಜಾಗ ಮಾರ್ತೀಯಾ ಅಜ್ಜಿ, ಅಂದ."